ಕುರ್ಚಿಯನ್ನು ಮಗುಚಿ ನೋಡಿ

ಮಿಡ್‌ಸೆಂಚುರಿ ಮಾಡರ್ನ್ ಶೈಲಿಯ ರುಚಿ ಹತ್ತಿಸಿಕೊಳ್ಳಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಒಳ್ಳೆಯ ಕುರ್ಚಿ ಕಂಡರೆ ಕೂರುವ ಮುಂಚೆ ಅದನ್ನು ಮಗುಚಿ ನೋಡಿ. ಮೇಲಿನಿಂದ ನೋಡಿದರೆ ಎಲ್ಲ ಕುರ್ಚಿಯೂ ಚೆಂದವೇ. ಕಾಲು ಎಲ್ಲಿ ಬಂದು ಸೇರುತ್ತದೆ, ಸೇರಿದ ಜಾಗವನ್ನು ಮಾಡಿದವನು ಮುಚ್ಚಿಟ್ಟಿದ್ದಾನೋ ಧೈರ್ಯವಾಗಿ ತೋರಿಸಿದ್ದಾನೋ ಎಂಬುದು ತಿಳಿಯುವುದು ಅಡಿಯಲ್ಲಿ.

ಈ ಪಾಠವನ್ನು ನನಗೆ ಹೇಳಿಕೊಟ್ಟವರು ಬೆತ್ತ ಹೆಣೆಯಲು ಮನೆಗೆ ಬಂದಿದ್ದ ಒಬ್ಬ ಆಚಾರ್ರು. ಅಂಗಡಿಯಿಂದ ಹೊಸದಾಗಿ ತಂದಿದ್ದ, ಮೊನಚು ಕಾಲುಗಳ ಕುರ್ಚಿಯೊಂದನ್ನು ಅವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಅದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಕಾಲಿನ ಬುಡದಲ್ಲಿ ಹೆಬ್ಬೆರಳು ಸವರಿ, ಉಗುರಿನಿಂದ ಸ್ವಲ್ಪ ಕೆರೆದರು. ಬಣ್ಣದ ಪುಟ್ಟಿ ಉದುರಿತು. "ನೋಡಿ ಸಾರ್, ಸ್ಕ್ರೂ ಹೊಡೆದು ಮೆತ್ತಿಬಿಟ್ಟವ್ರೆ. ಮರ ಮರಾನ ಹಿಡ್ಕೊಂಡೇ ಇಲ್ಲ" ಎಂದರು. ಅಂದಿನಿಂದ ನಾನು ಮೊದಲು ಹುಡುಕುವುದು ಮರ ಮರವನ್ನು ಹಿಡಿದುಕೊಂಡಿದೆಯೇ ಎಂಬುದನ್ನೇ.

ಹೆಸರಿನ ವಿಚಾರ ಬೇಗ ಮುಗಿಸೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ, ಮುಖ್ಯವಾಗಿ ಅಮೆರಿಕ ಮತ್ತು ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ಅರಳಿದ ಮನೆ ಮತ್ತು ಪೀಠೋಪಕರಣಗಳ ಶೈಲಿ ಇದು. ಹೆಸರು ಬಂದದ್ದು ತಡವಾಗಿ. ಕಾರಾ ಗ್ರೀನ್‌ಬರ್ಗ್ 1984ರಲ್ಲಿ ಅದೇ ಶೀರ್ಷಿಕೆಯ ಪುಸ್ತಕ ಬರೆದ ಮೇಲೆ ಅದು ಎಲ್ಲರ ಬಾಯಿಗೆ ಬಂತು. ಆ ಕಾಲದಲ್ಲಿ ಸೈನಿಕರು ಮನೆಗೆ ಮರಳುತ್ತಿದ್ದರು, ಮನೆಗಳಿಗೆ ಬರ ಇತ್ತು, ಯುದ್ಧಕ್ಕೆಂದು ಪಳಗಿಸಿದ ಪ್ಲೈವುಡ್, ಅಂಟು, ಉಕ್ಕು, ಅಲ್ಯೂಮಿನಿಯಂ ಕೈಗೆ ಸಿಗುತ್ತಿದ್ದವು. ಶೈಲಿ ಹುಟ್ಟಿದ್ದು ಈ ಅವಸರದಲ್ಲಿ.

ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಪ್ಲೈವುಡ್ ಕುರ್ಚಿಯ ಕಥೆಯನ್ನು ತಿಳಿದುಕೊಂಡರೆ ಅರ್ಧ ಕೈಪಿಡಿ ಮುಗಿದಂತೆ. 1940ರಲ್ಲಿ ಚಾರ್ಲ್ಸ್ ಮತ್ತು ಅವರ ಗೆಳೆಯ ಈರೋ ಸಾರಿನೆನ್ ಸೇರಿ, ಸೀಟು ಬೆನ್ನು ಎರಡೂ ಒಂದೇ ಹಾಳೆಯಾಗಿ ಬಾಗಿದ ಕುರ್ಚಿಯನ್ನು ಕಲ್ಪಿಸಿದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಆದರೆ ಪ್ಲೈವುಡ್ ಎರಡು ದಿಕ್ಕಿಗೆ ಒಟ್ಟಿಗೆ ಬಾಗಲು ಒಪ್ಪದೆ ಸೀಳುಬಿಟ್ಟಿತು. ಸೀಳು ಕಾಣದಂತೆ ಬಟ್ಟೆ ಹೊದಿಸಬೇಕಾಯಿತು. ಈ ಮುಚ್ಚುವಿಕೆ ಅವರಿಗೆ ಸಮಾಧಾನ ಕೊಡಲಿಲ್ಲ. ಲಾಸ್ ಏಂಜಲೀಸಿನ ಬಾಡಿಗೆ ಮನೆಯೊಳಗೇ ಗಂಡ ಹೆಂಡತಿ ಒಂದು ಯಂತ್ರ ಕಟ್ಟಿಕೊಂಡರು. ಗಾರೆಯ ಅಚ್ಚು, ಅದರ ಮೇಲೆ ಅಂಟು ಹಚ್ಚಿದ ಮರದ ತೆಳು ಪದರಗಳು, ಅವನ್ನು ಒತ್ತಲು ಗಾಳಿಚೀಲ, ಗಾಳಿ ತುಂಬಲು ಸೈಕಲ್ ಪಂಪು. ಅದೇ ವಿದ್ಯೆಯಿಂದ 1942ರಲ್ಲಿ ಅಮೆರಿಕದ ನೌಕಾಪಡೆಗೆ, ಮುರಿದ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆಗಳನ್ನು ಮಾಡಿಕೊಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಅಂಥ ದಬ್ಬೆಗಳು ಸುಮಾರು ಒಂದೂವರೆ ಲಕ್ಷ ಆಗಿದ್ದವು.

ಕುರ್ಚಿಗೆ ಮರಳಿದಾಗ ಅವರು ಹಟ ಬಿಟ್ಟರು. ಒಂದೇ ಹಾಳೆ ಒಲ್ಲದಿದ್ದರೆ ಬೇಡ, ಸೀಟು ಬೇರೆ, ಬೆನ್ನು ಬೇರೆ ಇರಲಿ ಎಂದರು. ಎರಡರ ನಡುವೆ ಬೆನ್ನೆಲುಬಿನಂಥ ಒಂದು ಬಾಗಿದ ಪಟ್ಟಿ. ಮರಕ್ಕೂ ಪಟ್ಟಿಗೂ ನಡುವೆ ರಬ್ಬರಿನ ದಪ್ಪ ಬಿಲ್ಲೆ. ನೀವು ಒರಗಿದರೆ ಬೆನ್ನಿನ ಹಲಗೆ ರಬ್ಬರಿನ ಮೇಲೆ ತುಸು ವಾಲಿ ನಿಮ್ಮ ಬೆನ್ನಿಗೆ ಹೊಂದಿಕೊಳ್ಳುತ್ತದೆ. ಆ ಬಿಲ್ಲೆಯನ್ನು ಅವರು ಮುಚ್ಚಲಿಲ್ಲ. ಹಿಂದಿನಿಂದ ನೋಡಿದವರಿಗೆ ಕಾಣುತ್ತದೆ, ಕಾಣಲೆಂದೇ ಇದೆ. ಮೊದಲ ಕುರ್ಚಿಯಲ್ಲಿ ನಾಚಿಕೆಯಾಗಿದ್ದ ಜಾಗ ಎರಡನೆಯದರಲ್ಲಿ ಚೆಲುವಿನ ಜಾಗವಾಯಿತು. ಈ ಬದಲಾವಣೆಯನ್ನು ಕಣ್ಣಾರೆ ಗುರುತಿಸಬಲ್ಲವರು ಈ ಶೈಲಿಯ ರಸಿಕರು. ಉಳಿದದ್ದು ಅಭ್ಯಾಸ.

ಈಗ ಕುರ್ಚಿಯಿಂದ ಮನೆಗೆ ಬರೋಣ. ಈ ದಂಪತಿ ತಮಗಾಗಿ ಕಟ್ಟಿಕೊಂಡ ಮನೆ ಲಾಸ್ ಏಂಜಲೀಸಿನ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ, ಸಮುದ್ರ ಕಾಣುವ ಗುಡ್ಡದ ಮೇಲಿದೆ. ಜಾನ್ ಎಂಟೆನ್ಜಾ ಎಂಬ ಪತ್ರಿಕಾ ಸಂಪಾದಕರು 1945ರಲ್ಲಿ ಒಂದು ಯೋಜನೆ ಹಾಕಿಕೊಂಡರು: ಒಳ್ಳೆಯ ವಾಸ್ತುಶಿಲ್ಪಿಗಳಿಂದ, ಕಾರ್ಖಾನೆಯಲ್ಲಿ ಸಿಗುವ ಸಾಮಾನುಗಳಿಂದ, ಸಾಮಾನ್ಯರೂ ಕಟ್ಟಿಕೊಳ್ಳಬಹುದಾದ ಮಾದರಿ ಮನೆಗಳನ್ನು ಮಾಡಿಸಿ ಪತ್ರಿಕೆಯಲ್ಲಿ ಪ್ರಕಟಿಸುವುದು. ಈಮ್ಸ್ ಮನೆ ಅದರಲ್ಲಿ ಎಂಟನೆಯದು. ಮೊದಲ ನಕ್ಷೆಯಲ್ಲಿ ಮನೆ ಸೇತುವೆಯಂತೆ ಹುಲ್ಲುಗಾವಲಿನ ಮೇಲೆ ಚಾಚಿಕೊಂಡಿತ್ತು. ಉಕ್ಕು ಬರುವುದು ತಡವಾಯಿತು. ಕಾಯುತ್ತಾ ಅವರು ಆ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂರತೊಡಗಿದರು. ಕೂತು ಕೂತು ಆ ಜಾಗದ ಮೇಲೆ ಪ್ರೀತಿ ಬಂತು. ಇಲ್ಲಿ ಮನೆ ಎದ್ದರೆ ಈ ಹುಲ್ಲುಗಾವಲೇ ಹೋಗಿಬಿಡುತ್ತದಲ್ಲ ಎನಿಸಿತು. 1948ರಲ್ಲಿ ಉಕ್ಕು ಬಂದು ಬಿದ್ದಾಗ ಅದೇ ಉಕ್ಕಿಗೆ ಹೊಸ ನಕ್ಷೆ ಬರೆದು, ಮನೆಯನ್ನು ಗುಡ್ಡದ ಬದಿಗೆ, ನೀಲಗಿರಿ ಮರಗಳ ಸಾಲಿನ ಹಿಂದಕ್ಕೆ ಸರಿಸಿದರು. ಮನೆ ಕಟ್ಟಲು ಹೊರಟಿರುವ ಯಾರಿಗೇ ಆಗಲಿ ಇದಕ್ಕಿಂತ ದೊಡ್ಡ ಪಾಠ ಈ ಶೈಲಿಯಲ್ಲಿ ನನಗೆ ಕಂಡಿಲ್ಲ. ನಾವು ಸೈಟು ಕೊಂಡ ಮರುದಿನವೇ ನಕ್ಷೆಗೆ ಓಡುತ್ತೇವೆ. ಒಂದು ವರ್ಷ ಅಲ್ಲಿಗೆ ಚಾಪೆ ಒಯ್ದು ಕೂರುವುದಿಲ್ಲ.

ಉಕ್ಕಿನ ಚೌಕಟ್ಟನ್ನು ಐವರು ಕೆಲಸಗಾರರು 16 ಗಂಟೆಗಳಲ್ಲಿ ನಿಲ್ಲಿಸಿದರು. ವಾಸದ ಪೆಟ್ಟಿಗೆ ಒಂದು, ಕೆಲಸದ ಪೆಟ್ಟಿಗೆ ಇನ್ನೊಂದು, ನಡುವೆ ಅಂಗಳ. 1949ರ ಕ್ರಿಸ್‌ಮಸ್ ಹಿಂದಿನ ದಿನ ಅವರು ಒಕ್ಕಲು ಹೋದರು. ಹೊರಗೋಡೆಯಲ್ಲಿ ಕಪ್ಪು ಉಕ್ಕಿನ ಚೌಕಗಳು, ಅವುಗಳಲ್ಲಿ ಕೆಲವಕ್ಕೆ ಪಾರದರ್ಶಕ ಗಾಜು, ಕೆಲವಕ್ಕೆ ಮಂಜು ಗಾಜು, ಕೆಲವಕ್ಕೆ ಬಿಳಿ, ನೀಲಿ, ಕೆಂಪು ಹಲಗೆ. ಒಳಗೆ ತಲೆಯೆತ್ತಿದರೆ ಛಾವಣಿಯ ಉಕ್ಕಿನ ಜಂತಿಗಳು ಬರಿಮೈಯಲ್ಲಿ ನಿಂತಿವೆ. ಫಾಲ್ಸ್ ಸೀಲಿಂಗ್ ಇಲ್ಲ. ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಮಲಗಿ ತೊಲೆ, ಜಂತೆ, ರೀಪು ಎಣಿಸುತ್ತಾ ಬೆಳೆದವರಿಗೆ ಈ ಸುಖ ಹೊಸದಲ್ಲ. ಮನೆ ಹೇಗೆ ನಿಂತಿದೆ ಎಂದು ಮಲಗಿದ್ದಲ್ಲೇ ತಿಳಿಯುತ್ತಿತ್ತು.

ಹೊಸಬರು ಎಡವುವುದು ಇದಾದ ಮೇಲಿನ ಹೆಜ್ಜೆಯಲ್ಲಿ. ಮಾಡರ್ನ್ ಎಂದರೆ ಖಾಲಿ ಮನೆ, ಬಿಳಿ ಗೋಡೆ, ಒಂದು ಹೂದಾನಿ ಎಂದುಕೊಳ್ಳುತ್ತಾರೆ. ಈಮ್ಸ್ ಮನೆಯ ಒಳಗಿನ ಚಿತ್ರ ನೋಡಿ: ನೆಲದ ಮೇಲೆ ಚಾಪೆ, ಕಂಬಳಿ, ಪುಸ್ತಕ, ಮೇಣದಬತ್ತಿ, ಗಿಡ, ಬೊಂಬೆ, ಚಿಪ್ಪು, ಬುಟ್ಟಿ. 1941ರಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬರುವ ದಾರಿಯಲ್ಲಿ ಎತ್ತಿಕೊಂಡ ಒಣ ಮುಳ್ಳುಗಿಡದ ಉಂಡೆಯೊಂದು ಜಂತಿಯಿಂದ ತೂಗುತ್ತಿದೆ. ಮನೆಯ ಅಸ್ಥಿಪಂಜರ ಅಷ್ಟು ಸರಳವಾಗಿರುವುದರಿಂದಲೇ ಇಷ್ಟೆಲ್ಲ ವಸ್ತುಗಳನ್ನು ಅದು ತಡೆದುಕೊಳ್ಳುತ್ತದೆ. ಗೋಡೆಯೇ ಅಲಂಕಾರದಿಂದ ತುಂಬಿದ್ದರೆ ನಿಮ್ಮ ಅಜ್ಜಿಯ ತಂಬಿಗೆಗೆ ಅಲ್ಲಿ ಜಾಗ ಇರುವುದಿಲ್ಲ.

ತಂಬಿಗೆಯ ಮಾತು ಸುಮ್ಮನೆ ತೆಗೆದದ್ದಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ದೇಶ ಸುತ್ತಿದ ಈಮ್ಸ್ ದಂಪತಿ 1958ರಲ್ಲಿ 'ಇಂಡಿಯಾ ರಿಪೋರ್ಟ್' ಬರೆದುಕೊಟ್ಟರು. ಅದರ ಹಿನ್ನೆಲೆಯಲ್ಲಿಯೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ಮನಸಾರೆ ಮೆಚ್ಚಿ ಬರೆದದ್ದು ಉತ್ತರದವರು ಲೋಟಾ ಎನ್ನುವ, ನಾವು ತಂಬಿಗೆ, ಚೊಂಬು ಎನ್ನುವ ವಸ್ತುವಿನ ಬಗ್ಗೆ. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ಭಾರ ಎಲ್ಲಿ ನಿಲ್ಲಬೇಕು, ಕೈಗೆ ಹೇಗೆ ಕೂರಬೇಕು, ಹೇಗೆ ಸುರಿಯಬೇಕು, ಒಳಗೆ ಕೈ ಹಾಕಿ ತೊಳೆಯಬಹುದೇ, ಬೆಲೆ ಎಷ್ಟು ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ನಿಮ್ಮ ಮನೆಗೆ ತರುವ ಪ್ರತಿ ವಸ್ತುವಿಗೂ ಇವೇ ಪ್ರಶ್ನೆ ಹಾಕಿ. ಟಿವಿ ಕೆಳಗಿನ ಕಪಾಟಿಗೂ ಹಾಕಿ.

ಉಕ್ಕಿನ ಮನೆ ಈ ಶೈಲಿಯ ಒಂದು ತುದಿ. ಇನ್ನೊಂದು ತುದಿಯಲ್ಲಿ ಜಾರ್ಜ್ ನಕಾಶಿಮಾ ಇದ್ದಾರೆ, ನನ್ನ ಮನಸ್ಸು ಹೆಚ್ಚು ವಾಲುವುದು ಅವರ ಕಡೆಗೇ. ಜಪಾನಿ ಮೂಲದ ಅಮೆರಿಕನ್ನರು, ವಾಸ್ತುಶಿಲ್ಪ ಓದಿದವರು. ಯುದ್ಧಕಾಲದಲ್ಲಿ, 1942ರಲ್ಲಿ, ಹೆಂಡತಿ ಮತ್ತು ಹಸುಗೂಸಿನೊಂದಿಗೆ ಅವರನ್ನು ಐಡಾಹೋದ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಜೊತೆಗಿದ್ದ ಜಪಾನಿ ಬಡಗಿಯೊಬ್ಬರಿಂದ ಅವರು ಉಳಿ ಹಿಡಿಯುವ ಸಾಂಪ್ರದಾಯಿಕ ವಿದ್ಯೆ ಕಲಿತರು. ಬಿಡುಗಡೆಯಾದ ಮೇಲೆ ಪೆನ್ಸಿಲ್ವೇನಿಯಾದ ನ್ಯೂಹೋಪ್‌ನಲ್ಲಿ ದುಡಿಮೆಗೆ ಬದಲಾಗಿ ಮೂರು ಎಕರೆ ಜಾಗ ಪಡೆದು, ಗುಡಾರದಲ್ಲಿ ಸಂಸಾರ ಇಟ್ಟು, ಮೊದಲು ಕೆಲಸದ ಕೊಟ್ಟಿಗೆ, ಆಮೇಲೆ ಮನೆ ಎಂದು ತಮ್ಮ ಕೈಯಿಂದಲೇ ಕಟ್ಟಿದರು. ಸ್ವಂತ ಮನೆ ಎಂಬ ಮಾತಿಗೆ ಪೂರ್ತಿ ಅರ್ಥ ಬರುವುದು ಇಲ್ಲಿ.

ಅವರ ಮೇಜೊಂದರ ಚಿತ್ರವನ್ನು ಹತ್ತಿರದಿಂದ ನೋಡಿ. ಹಲಗೆಯ ಅಂಚು ಮರದ ಅಂಚೇ, ಗೆರೆ ಎಳೆದು ಕೊಯ್ದದ್ದಲ್ಲ. ನಡುವೆ ಒಂದು ಬಿರುಕು. ಬೇರೆ ಬಡಗಿಯಾಗಿದ್ದರೆ ಆ ಭಾಗವನ್ನು ಕತ್ತರಿಸಿ ಸೌದೆಗೆ ಹಾಕುತ್ತಿದ್ದ. ನಕಾಶಿಮಾ ಬಿರುಕಿಗೆ ಅಡ್ಡಲಾಗಿ ಚಿಟ್ಟೆಯ ಆಕಾರದ ಮರದ ಬೆಣೆ ಕೂರಿಸುತ್ತಾರೆ. ಬಿರುಕು ಮುಂದೆ ಹರಿಯದಂತೆ ಅದು ಎರಡೂ ಕಡೆ ಕಚ್ಚಿ ಹಿಡಿಯುತ್ತದೆ. ಬೆಣೆಯ ಬಣ್ಣ ಎಷ್ಟೋ ಸಲ ಬೇರೆಯೇ. ಈಮ್ಸ್ ಕುರ್ಚಿಯ ರಬ್ಬರ್ ಬಿಲ್ಲೆಯೂ ಈ ಚಿಟ್ಟೆಯೂ ಒಂದೇ ಮಾತಿನ ಎರಡು ಉಚ್ಚಾರಣೆ.

ಮನೆ ಕಟ್ಟಲು ಹೊರಟವರಿಗೆ ಕೆಲವು ಮಾತು. ಡೆನ್ಮಾರ್ಕಿನ ಫಿನ್ ಯೂಲ್ 1942ರಲ್ಲಿ ತಮ್ಮ ಮನೆಯನ್ನು ಒಳಗಿನಿಂದ ಹೊರಕ್ಕೆ ಯೋಚಿಸುತ್ತಾ ಕಟ್ಟಿದರು, ಮುಂದೆ ತಾವೇ ರೂಪಿಸಿದ ಪೀಠೋಪಕರಣಗಳಿಂದ ತುಂಬಿದರು. ನೀವೂ ಹಾಗೆ ಮಾಡಿ: ಕಿಟಕಿಯ ಎತ್ತರ ಗೊತ್ತುಮಾಡುವ ಮುಂಚೆ ನೀವು ಕೂರುವ ಕುರ್ಚಿ ಗೊತ್ತುಮಾಡಿ. ಊಟದ ಕುರ್ಚಿ 18 ಇಂಚಿನ ಆಸುಪಾಸು ಇರುತ್ತದೆ, ಈ ಶೈಲಿಯ ಒರಗು ಕುರ್ಚಿ ಅದಕ್ಕಿಂತ ಎರಡು ಮೂರು ಇಂಚು ತಗ್ಗು. ತಗ್ಗಿ ಕೂತವನ ಕಣ್ಣಿಗೆ ಅಂಗಳ ಕಾಣಬೇಕಾದರೆ ಕಿಟಕಿಯೂ ತಗ್ಗಬೇಕು. ಇದನ್ನು ಮೇಸ್ತ್ರಿಗೆ ಇಟ್ಟಿಗೆ ಏಳುವ ಮುಂಚೆ ಹೇಳಬೇಕು.

ಗಾಜಿನ ಗೋಡೆಯ ಆಸೆಗೆ ಮಾತ್ರ ಕಡಿವಾಣ ಇರಲಿ. ಕ್ಯಾಲಿಫೋರ್ನಿಯಾದ ಗಾಜಿಗೆ ನೀಲಗಿರಿ ಮರಗಳ ನೆರಳಿತ್ತು. ನಮ್ಮ ಪಡುವಣ ಬಿಸಿಲಿಗೆ, ಮುಂಗಾರಿನ ಇರಚಲಿಗೆ ಅದು ತಡೆಯುವುದಿಲ್ಲ. ಇದನ್ನು ಚೆನ್ನಾಗಿ ಬಲ್ಲವರು ಒಬ್ಬರು ನಮ್ಮಲ್ಲೇ ಇದ್ದರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳಿವೆ. ಅಲ್ಲಿ ಆಧುನಿಕ ನೇರ ಗೆರೆಯೂ ಇದೆ, ಬಿಸಿಲಿಗೆ ಸಜ್ಜವೂ ಇದೆ. ಪೀಠೋಪಕರಣಕ್ಕೆ ಚಂಡೀಗಢ ನೋಡಿ. ಪಿಯರ್ ಜಾನ್ನರೆ ಅಲ್ಲಿನ ಸರ್ಕಾರಿ ಕಚೇರಿಗಳಿಗೆಂದು ತೇಗ ಮತ್ತು ಬೆತ್ತದಲ್ಲಿ ಮಾಡಿಸಿದ ಕುರ್ಚಿಗಳು ಗುಜರಿಗೆ ಹೋಗಿ, ಅಲ್ಲಿಂದ ಹೊರದೇಶದ ಹರಾಜಿಗೆ ಹೋದವು. ತಲೆಕೆಳಗಾದ ವಿ ಆಕಾರದ ಕಾಲು, ಗಾಳಿಯಾಡುವ ಬೆತ್ತದ ಸೀಟು. ಅಂಥದ್ದನ್ನು ಮಾಡಬಲ್ಲ ಬಡಗಿಗಳೂ ಬೆತ್ತ ಹೆಣೆಯುವವರೂ ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅಂಗಡಿಯ ಲ್ಯಾಮಿನೇಟ್ ಕಪಾಟಿಗೆ ಕೊಡುವ ಹಣವನ್ನು ಅವರಿಗೆ ಕೊಡಿ, ಪುಟ್ಟಿ ಬೇಡ ಎಂದು ಮೊದಲೇ ಹೇಳಿ.

ಇಷ್ಟು ಓದಿದ ಮೇಲೆ ಒಂದು ಪ್ರಯಾಣ ಮಾಡಿ. ನಕಾಶಿಮಾ ಅಮೆರಿಕದಲ್ಲಿ ಮನೆ ಕಟ್ಟಿಕೊಳ್ಳುವ ಮುಂಚೆ, 1930ರ ದಶಕದ ಕೊನೆಯಲ್ಲಿ, ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ಅವರ ಪರವಾಗಿ ಪುದುಚೇರಿಗೆ ಬಂದು ಅರವಿಂದಾಶ್ರಮದ ಗೋಲ್ಕೊಂಡೆ ವಸತಿಗೃಹದ ಕೆಲಸ ನೋಡಿಕೊಂಡರು. ಆಶ್ರಮದಲ್ಲಿ ಅವರಿಗೆ ಸುಂದರಾನಂದ ಎಂಬ ಹೆಸರಿತ್ತು. ಕಟ್ಟಡದ ಉದ್ದಕ್ಕೂ ಗಾಳಿಗೆ ತಿರುಗಿಸಿಕೊಳ್ಳುವ ಅಡ್ಡ ಪಟ್ಟಿಗಳು, ಕೋಣೆಗಳಿಗೆ ಸರಿಯುವ ತೇಗದ ಬಾಗಿಲು. ಬಾಗಿಲಿನ ಹಿತ್ತಾಳೆ ಸಾಮಾನಿಗಾಗಿ ಆಶ್ರಮದವರು ಕೊಟ್ಟ ಪಾತ್ರೆಗಳನ್ನು ಕರಗಿಸಿ ಎರಕ ಹೊಯ್ದರು. ಇಂದಿಗೂ ಅಲ್ಲಿ ಜನ ವಾಸವಿದ್ದಾರೆ, ಆದ್ದರಿಂದ ಒಳಗೆ ಹೋಗಲು ಅನುಮತಿ ಕೇಳಬೇಕು. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು. ಅನುಮತಿ ಸಿಗದಿದ್ದರೆ ಬೀದಿಯಲ್ಲೇ ನಿಂತು, ಬೆಳಗಿನ ಬಿಸಿಲು ಆ ಪಟ್ಟಿಗಳ ಮೇಲೆ ಏರುವುದನ್ನು ನೋಡಿ ಬನ್ನಿ.