ಬೆಂಬಲದ ಮುಖ ಯಾವ ಕಡೆಗೆ?

2020ರ ಜನವರಿ 14. ಹರಿಹರದ ಹರ ಜಾತ್ರೆಯ ವೇದಿಕೆಯಲ್ಲಿ ಪಂಚಮಸಾಲಿ ಪೀಠದ ವಚನಾನಂದ ಸ್ವಾಮೀಜಿ ಮೈಕ್ ಹಿಡಿದಿದ್ದರು. ಅದೇ ವೇದಿಕೆಯಲ್ಲಿ ಕೂತಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಗೆ ಅವರು ನೇರವಾಗಿ ಹೇಳಿದ್ದು ಇಷ್ಟು: ಶಾಸಕ ಮುರುಗೇಶ ನಿರಾಣಿಯವರನ್ನು ಮಂತ್ರಿ ಮಾಡಿ, ಇಲ್ಲದಿದ್ದರೆ ಪಂಚಮಸಾಲಿ ಸಮಾಜ ನಿಮ್ಮ ಕೈಬಿಡುತ್ತದೆ. ಯಡಿಯೂರಪ್ಪ ಸಿಟ್ಟಿನಿಂದ ಎದ್ದುನಿಂತರು. ಸ್ವಾಮೀಜಿ ಸಮಾಧಾನ ಮಾಡಲು ನೋಡಿದರು. ಆಮೇಲೆ ತಮ್ಮ ಸರದಿ ಬಂದಾಗ ಮುಖ್ಯಮಂತ್ರಿ ರಾಜೀನಾಮೆಗೂ ತಯಾರು ಎಂದರು. ನಿರಾಣಿ ಮಂತ್ರಿಯಾದದ್ದು ಒಂದು ವರ್ಷ ಕಳೆದ ಮೇಲೆ, 2021ರ ಜನವರಿಯಲ್ಲಿ.

ಟಿವಿ ಚಾನೆಲ್‌ಗಳು ಅದನ್ನು ಜಗಳವೆಂದು ತೋರಿಸಿದವು. ಆದರೆ ದಾವಣಗೆರೆ ಸೀಮೆಯ ರಾಜಕೀಯದಲ್ಲಿ ಬೆಂಬಲ ಘೋಷಣೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದಿಲ್ಲ. ಪೆಂಡಾಲಿನಲ್ಲಿ ಸಾವಿರಾರು ಜನ ಕೂತಿದ್ದರೂ ಮಾತು ಅವರಿಗಾಗಿ ಇರಲಿಲ್ಲ. ನಿರಾಣಿ ಮಂತ್ರಿಯಾದರೆ ಯಾವ ಕೆಲಸ ಆಗುತ್ತದೆ, ಅವರೇ ಏಕೆ ಬೇಕು ಎಂದು ಯಾರೂ ವಿವರಿಸಲಿಲ್ಲ. ಜನ ಅಲ್ಲಿ ಸಾಕ್ಷಿಗಳು, ಜೊತೆಗೆ ತೋರಿಸಿಕೊಳ್ಳುವ ಬಲ. ಬೇಡಿಕೆ ಹೋದದ್ದು ವಿಧಾನಸೌಧಕ್ಕೆ.

ಇದನ್ನು ಮಠಗಳ ತಪ್ಪೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅದೇ ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಧರಣಿ ಕೂತರು. ಅವರು ಕೇಳಿದ್ದು ಪರಿಶಿಷ್ಟ ಪಂಗಡದ ಮೀಸಲಾತಿ ಹೆಚ್ಚಳ; ಯಾರಿಗೋ ಒಬ್ಬರಿಗೆ ಕುರ್ಚಿಯಲ್ಲ. ಬೇಡಿಕೆಯ ಹಿಂದೆ ನಾಗಮೋಹನದಾಸ್ ಆಯೋಗದ ವರದಿಯಿತ್ತು. ಆ ವರ್ಷದ ಕೊನೆಗೆ ಪ್ರಮಾಣ ಶೇ. 3ರಿಂದ 7ಕ್ಕೆ ಏರಿತು. ಆ ಹೆಚ್ಚಳ ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ವಾದಿಸಬಹುದು, ಏಕೆಂದರೆ ವಾದಿಸಲು ಅಲ್ಲಿ ವಿಷಯವಿದೆ. ಹರ ಜಾತ್ರೆಯ ಬೇಡಿಕೆಯಲ್ಲಿ ಇದ್ದದ್ದು ಒಂದು ಹೆಸರು ಮತ್ತು ಒಂದು ಎಚ್ಚರಿಕೆ.

ಪಕ್ಷಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2022ರ ಆಗಸ್ಟ್ 3ರಂದು ದಾವಣಗೆರೆಯಲ್ಲಿ ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬಕ್ಕೆ ಜನಸಾಗರ ಸೇರಿತು. ವೇದಿಕೆಯಲ್ಲಿ ರಾಹುಲ್ ಗಾಂಧಿ ಸನ್ನೆ ಮಾಡಿದರು, ಡಿ.ಕೆ. ಶಿವಕುಮಾರ್ ಸಿದ್ದರಾಮಯ್ಯನವರನ್ನು ಅಪ್ಪಿಕೊಂಡರು. ಮರುದಿನದ ಪತ್ರಿಕೆಗಳಲ್ಲಿ ಆ ಅಪ್ಪುಗೆಯದೇ ಚಿತ್ರ. ಅದರಿಂದ ಸಂದೇಶವೇನೋ ಹೋಯಿತು, ಒಪ್ಪಂದ ಏನೆಂಬುದು ಹೊರಬರಲಿಲ್ಲ. ಒಂಬತ್ತು ತಿಂಗಳ ನಂತರ ಕಾಂಗ್ರೆಸ್ ಗೆದ್ದಾಗ ಮುಖ್ಯಮಂತ್ರಿ ಯಾರೆಂಬ ಪ್ರಶ್ನೆ ದೆಹಲಿಯಲ್ಲಿ ದಿನಗಟ್ಟಲೆ ಎಳೆದಾಡಿತು.

ಇಂಥ ಸಂಕೇತದ ಭಾಷೆಯನ್ನು ಬದಿಗಿಟ್ಟು ಖಂಡತುಂಡವಾಗಿ ಮಾತಾಡಿದವರು ಶಾಮನೂರು ಶಿವಶಂಕರಪ್ಪ. ಅವರು ಆಗ ದಾವಣಗೆರೆ ದಕ್ಷಿಣದ ಕಾಂಗ್ರೆಸ್ ಶಾಸಕ, ಅಖಿಲ ಭಾರತ ವೀರಶೈವ ಮಹಾಸಭಾದ ಅಧ್ಯಕ್ಷ, ತೊಂಬತ್ತು ದಾಟಿದ ಹಿರಿಯರಾಗಿದ್ದರು. 2024ರ ಜನವರಿಯಲ್ಲಿ ಶಿವಮೊಗ್ಗದ ಸಮಾರಂಭವೊಂದರಲ್ಲಿ ಅವರು ಬಿಜೆಪಿ ಸಂಸದ ಬಿ.ವೈ. ರಾಘವೇಂದ್ರ ಒಳ್ಳೆಯ ಕೆಲಸ ಮಾಡಿದ್ದಾರೆ, ಮತ್ತೆ ಗೆಲ್ಲಿಸಿ ಎಂದುಬಿಟ್ಟರು. ಮಗ ಎಸ್.ಎಸ್. ಮಲ್ಲಿಕಾರ್ಜುನ್ ಆಗ ಕಾಂಗ್ರೆಸ್ ಸರ್ಕಾರದಲ್ಲಿ ಮಂತ್ರಿ. ಪಕ್ಷ ಇರುಸುಮುರುಸುಪಟ್ಟಿತು. ಆದರೂ ವಿಮರ್ಶಕನ ಕಣ್ಣಿಗೆ ಇದು ಹರಿಹರದ ಮಾತಿಗಿಂತ ಒಂದು ಮೆಟ್ಟಿಲು ಮೇಲಿನದು: ಇಲ್ಲಿ ಕಾರಣವೊಂದಿತ್ತು, ಮಾತು ಮತದಾರರನ್ನು ಉದ್ದೇಶಿಸಿತ್ತು.

ಎರಡೇ ತಿಂಗಳಲ್ಲಿ ಅದೇ ನಾಲಿಗೆ ಜಾರಿತು. ಸೊಸೆ, ದಂತವೈದ್ಯೆ ಡಾ. ಪ್ರಭಾ ಮಲ್ಲಿಕಾರ್ಜುನ್ ದಾವಣಗೆರೆ ಲೋಕಸಭಾ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ. ಎದುರಾಳಿ, ಆಗಿನ ಬಿಜೆಪಿ ಸಂಸದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ ಗಾಯತ್ರಿ. ಎದುರಾಳಿಗೆ ಅಡುಗೆ ಮಾಡಲಷ್ಟೇ ಗೊತ್ತು ಎಂಬರ್ಥದ ಶಾಮನೂರರ ಮಾತು ದೇಶದ ಸುದ್ದಿಯಾಯಿತು. ಹೆಂಗಸರು ಇಂದು ಯಾವ ಕ್ಷೇತ್ರದಲ್ಲಿಲ್ಲ ಎಂದು ಗಾಯತ್ರಿ ತಿರುಗಿ ಕೇಳಿದರು. ಸೊಸೆಯ ಪರ ಮತ ಕೇಳಲು ಹೊರಟವರು ಸೊಸೆಯ ಯೋಗ್ಯತೆಯನ್ನು ಹೇಳಿದ್ದರೆ ಸಾಕಿತ್ತು.

ಬೆಂಬಲ ಮತದಾರರ ಕಣ್ಣೆದುರೇ ನಡೆದರೆ ಹೇಗಿರುತ್ತದೆ ಎಂದು ತಿಳಿಯಲು ಬಾಲ್ಕನ್ ಸೀಮೆಯ ಮಾಂಟೆನೆಗ್ರೊವನ್ನು ದಾವಣಗೆರೆಯ ಪಕ್ಕ ಇಟ್ಟು ನೋಡಬಹುದು. ಇಡೀ ದೇಶದ ಮತದಾರರು ಸುಮಾರು 5.4 ಲಕ್ಷ, ದಾವಣಗೆರೆ ಲೋಕಸಭಾ ಕ್ಷೇತ್ರವೊಂದರಲ್ಲೇ ಸುಮಾರು 17 ಲಕ್ಷ. 2023ರ ಮಾರ್ಚ್ 19ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಮೂರು ದಶಕ ಅಧಿಕಾರದ ಆಯಕಟ್ಟಿನಲ್ಲಿದ್ದ ಮಿಲೊ ಜುಕಾನೊವಿಚ್ ಮೊದಲಿಗರು, ಯಾಕೊವ್ ಮಿಲಾಟೊವಿಚ್ ಎರಡನೆಯವರು. ಸರ್ಬಿಯಾ ಪರ ನಿಲುವಿನ ಆಂಡ್ರಿಯ ಮಾಂಡಿಚ್ ಸುಮಾರು ಶೇ. 19 ಮತ ಪಡೆದು ಮೂರನೆಯವರಾದರು ಮತ್ತು ಯುರೋಪ್ ಒಕ್ಕೂಟದ ಪರ ಇದ್ದ ಮಿಲಾಟೊವಿಚ್‌ಗೆ ಬೆಂಬಲ ಸಾರಿದರು. ಏಪ್ರಿಲ್ 2ರ ಎರಡನೇ ಸುತ್ತಿನಲ್ಲಿ ಜುಕಾನೊವಿಚ್ ಸೋತರು. ಅಲ್ಲಿನ ರಾಜಕಾರಣಿಗಳು ಸಾಧುಗಳೇನಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಮಾಂಡಿಚ್ ಸಂಸತ್ತಿನ ಸಭಾಧ್ಯಕ್ಷರಾದರು. ಆದರೆ ಬೆಂಬಲ ಕೊಟ್ಟವರ ಹಿಂದೆ ಎಷ್ಟು ಮತವಿದೆಯೆಂಬುದು ಎಣಿಕೆಯಾಗಿತ್ತು, ಅವರ ಮಾತು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸಲು ಮತದಾರರಿಗೆ ಎರಡು ವಾರವಿತ್ತು. ನಮ್ಮದು ಒಂದೇ ಸುತ್ತಿನ ಪದ್ಧತಿ. ಚೌಕಾಸಿಯೆಲ್ಲ ಟಿಕೆಟ್‌ಗೆ ಮೊದಲು ಅಥವಾ ಮಂತ್ರಿಗಿರಿಯ ಹೊತ್ತಿಗೆ. ನಡುವಿನ ಮತದಾನಕ್ಕೆ ಅದರ ವಿವರ ತಲುಪುವುದೇ ಇಲ್ಲ.

ಹಾಗಾದರೆ ಇಲ್ಲಿನ ಬೆಂಬಲದ ತೂಕವೆಷ್ಟು? ಮೂರು ಪ್ರಮುಖ ಸಮುದಾಯಗಳ ಮಠಗಳಿರುವ ಹರಿಹರವನ್ನೇ ನೋಡಿ. 2008ರಲ್ಲಿ ಬಿಜೆಪಿಯ ಬಿ.ಪಿ. ಹರೀಶ್, 2013ರಲ್ಲಿ ಜೆಡಿಎಸ್‌ನ ಎಚ್.ಎಸ್. ಶಿವಶಂಕರ್, 2018ರಲ್ಲಿ ಕಾಂಗ್ರೆಸ್‌ನ ಎಸ್. ರಾಮಪ್ಪ, 2023ರಲ್ಲಿ ಮತ್ತೆ ಹರೀಶ್. ನಾಲ್ಕು ಚುನಾವಣೆ, ಮೂರು ಪಕ್ಷ. ಜಿಲ್ಲೆಯ ಉಳಿದ ಆರೂ ಕ್ಷೇತ್ರ ಕಾಂಗ್ರೆಸ್ಸಿಗೆ ಒಲಿದ ವರ್ಷ ಹರಿಹರ ಮಾತ್ರ ಬಿಜೆಪಿಗೆ ಹೋಯಿತು. ಯಾರ ಅಪ್ಪಣೆಯೂ ಇಲ್ಲಿ ಬಹುಕಾಲ ನಡೆದಿಲ್ಲ.

2024ರ ಲೋಕಸಭೆಯಲ್ಲಿ ಪ್ರಭಾ 26,094 ಮತಗಳ ಅಂತರದಿಂದ ಗೆದ್ದರು. 1998ರಲ್ಲಿ ಮಾವ ಗೆದ್ದ ಮೇಲೆ ಕಾಂಗ್ರೆಸ್ಸಿಗೆ ಈ ಕ್ಷೇತ್ರ ದಕ್ಕಿದ್ದು ಆಗಲೇ. ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ ಆ ಅಂತರಕ್ಕಿಂತ ಹೆಚ್ಚು, ಸುಮಾರು 43 ಸಾವಿರ ಮತ ಪಡೆದರು. ಬಿಜೆಪಿಯಲ್ಲಿ ಗಾಯತ್ರಿಯವರ ಟಿಕೆಟ್‌ಗೆ ಮಾಜಿ ಸಚಿವರಾದ ಎಂ.ಪಿ. ರೇಣುಕಾಚಾರ್ಯ, ಎಸ್.ಎ. ರವೀಂದ್ರನಾಥ್ ಅವರ ಬಣ ಬಹಿರಂಗವಾಗಿಯೇ ವಿರೋಧ ಹೇಳಿತ್ತು. ಯಡಿಯೂರಪ್ಪನವರೇ ಬಂದು ಕೂರಿಸಿ ಮಾತಾಡಿದ ಮೇಲೆ ವೇದಿಕೆಯಲ್ಲಿ ಎಲ್ಲರೂ ಒಂದಾದರು.

ಸೋಲಿನ ನಂತರ ಆ ಒಗ್ಗಟ್ಟು ಉಳಿಯಲಿಲ್ಲ. ಬಿಜೆಪಿ ರಾಜ್ಯಾಧ್ಯಕ್ಷ ಬಿ.ವೈ. ವಿಜಯೇಂದ್ರ ವಿರುದ್ಧ ಶಾಸಕ ಬಸನಗೌಡ ಪಾಟೀಲ ಯತ್ನಾಳ ಕಟ್ಟಿದ ಬಣದಲ್ಲಿ ಸಿದ್ದೇಶ್ವರ, ಹರಿಹರದ ಹರೀಶ್ ಕಾಣಿಸಿಕೊಂಡರು. ವಿಜಯೇಂದ್ರ ಪರ ಸಭೆಗಳ ಮುಂಚೂಣಿಯಲ್ಲಿ ರೇಣುಕಾಚಾರ್ಯ. ಎರಡೂ ಕಡೆಯವರು ಪತ್ರಿಕಾಗೋಷ್ಠಿ ಕರೆದು ಬೆಂಬಲ, ವಿರೋಧ ಸಾರಿದರು. ಉತ್ತರ ಬಂದದ್ದು 2025ರ ಮಾರ್ಚ್‌ನಲ್ಲಿ, ದೆಹಲಿಯಿಂದ: ಯತ್ನಾಳರ ಉಚ್ಚಾಟನೆ.