ಕೈಯ ಕೆಲಸಕ್ಕೆ ಕಾಲಿನ ನೆರವು

ಕೈಗೆ ಪುರುಸೊತ್ತಿಲ್ಲದಾಗ ಕಾಲನ್ನು ಕರೆಯುವುದು ನಮಗೆ ಹೆಂಗಸರಿಗೆ ಹೊಸದೇನಲ್ಲ. ಮಲೆನಾಡಿನ ಮನೆಗಳಲ್ಲಿ ಹಲಸಿನಕಾಯಿ ಕೊಚ್ಚುವ ಮೆಟ್ಟುಗತ್ತಿಯ ಹೆಸರಿನಲ್ಲೇ ಕಾಲು ಇದೆ. ಒಂದು ಕಾಲಿನಿಂದ ಮಣೆಯನ್ನು ಮೆಟ್ಟಿ ಹಿಡಿದರೆ ತಾನೇ ಎರಡು ಕೈಯೂ ಕಾಯಿಯನ್ನು ಹಿಡಿಯಲು ಸಿಗುವುದು? ಹೊಲಿಗೆ ಯಂತ್ರದ ಮುಂದೆ ಕುಳಿತವಳ ಕಾಲು ಚಕ್ರ ತಿರುಗಿಸುತ್ತದೆ, ಕೈ ಬಟ್ಟೆಯನ್ನು ತಿರುಗಿಸುತ್ತದೆ. ಮಗ್ಗದಲ್ಲಂತೂ ಕಾಲು ತುಳಿದಾಗಲೇ ಹಾಸಿನ ಎಳೆಗಳು ಮೇಲೆ ಕೆಳಗೆ ಆಗಿ ಲಾಳಿಗೆ ದಾರಿ ಬಿಡುತ್ತವೆ. ಹೀಗಿರುವಾಗ, ಸಂಗೀತದ ವೇದಿಕೆಯಲ್ಲಿ ಕೀಬೋರ್ಡ್ ನುಡಿಸುವವರು ಕಾಲಿನಿಂದ ಒಂದು ಸ್ವಿಚ್ಚು ಒತ್ತಿ ಕೊಳಲನ್ನು ಪಿಟೀಲಾಗಿಸುತ್ತಾರೆ, ಪಿಟೀಲನ್ನು ಶಹನಾಯಿಯಾಗಿಸುತ್ತಾರೆ ಎಂದರೆ ನಾವು ಬೆರಗಾಗಬೇಕಾದ್ದಿಲ್ಲ.

ಆದರೂ ಈ ಸ್ವಿಚ್ಚಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ನಮ್ಮಂಥ ಊರುಗಳಲ್ಲಿ ರಾಜ್ಯೋತ್ಸವಕ್ಕೋ ಗಣೇಶೋತ್ಸವಕ್ಕೋ ನಡೆಯುವ ಸುಗಮ ಸಂಗೀತ ಕಾರ್ಯಕ್ರಮದ ಮಾರನೆಯ ದಿನ ವರದಿ ಬರುತ್ತದಲ್ಲ, ಅದನ್ನು ಓದಿ ನೋಡಿ. ಗಾಯಕಿಯ ಕಂಠದ ಬಗ್ಗೆ ಎರಡು ಸಾಲು, ಕವಿಯ ಬಗ್ಗೆ ಒಂದು ಸಾಲು, ಕೊನೆಗೆ ಪಕ್ಕವಾದ್ಯದವರು ಸಮರ್ಥವಾಗಿ ಸಾಥ್ ನೀಡಿದರೆಂಬ ಒಂದು ಸಿದ್ಧ ಸಾಲು. ಆ ಪಕ್ಕವಾದ್ಯದವರು ಎಷ್ಟು ಜನ, ಇಡೀ ಹಾಡಿಗೆ ಬಣ್ಣ ಕಟ್ಟಿದ ಒಬ್ಬ ಕೀಬೋರ್ಡಿನವರ ಕಾಲು ಮೇಜಿನ ಕೆಳಗೆ ಏನು ಮಾಡುತ್ತಿತ್ತು ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಆದರೆ ಈಗ ನಾವು ಕೇಳುವ ಭಾವಗೀತೆಯ ಸ್ವರೂಪ ಬಹುಪಾಲು ನಿರ್ಧಾರವಾಗುತ್ತಿರುವುದು ಆ ಮೇಜಿನ ಕೆಳಗೇ.

ಕಾಲಿಗೂ ಕೀಲಿಮಣೆಗೂ ಇರುವ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ನಮ್ಮಲ್ಲಿಗೆ ಬಂದ ಹಾರ್ಮೋನಿಯಂ ಕುರ್ಚಿಯಲ್ಲಿ ಕುಳಿತು ಕಾಲಿನಿಂದ ಗಾಳಿ ತುಂಬುವ ವಾದ್ಯ. ನೆಲದ ಮೇಲೆ ಕುಳಿತು ಹಾಡುವ ನಮಗೆ ಅದು ಒಗ್ಗಲಿಲ್ಲ. ಕಲ್ಕತ್ತದ ದ್ವಾರಕಾನಾಥ ಘೋಷರಂಥವರು ತಿದಿಯನ್ನು ಪೆಟ್ಟಿಗೆಯ ಹಿಂದಕ್ಕೆ ತಂದು ಕೈಯಿಂದ ಒತ್ತುವಂತೆ ಮಾಡಿದರು. ಕಾಲಿಗೆ ಬಿಡುವಾಯಿತು, ಆದರೆ ಒಂದು ಕೈ ಗಾಳಿಗೆ ಮೀಸಲಾಯಿತು. ನಮ್ಮ ವೃತ್ತಿನಾಟಕ ಕಂಪನಿಗಳು ಮಾತ್ರ ಕಾಲು ಹಾರ್ಮೋನಿಯಂ ಬಿಡಲಿಲ್ಲ. ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮಾಸ್ತರರು ಎರಡು ಕಾಲಿನಿಂದ ತುಳಿಯುತ್ತ ಎರಡು ಕೈಯಿಂದಲೂ ನುಡಿಸುತ್ತಿದ್ದರು. ಆ ಕಾಲು ಬರಿಯ ಗಾಳಿಯ ಯಂತ್ರವಲ್ಲ. ನಟ ದನಿ ಏರಿಸಿದಾಗ ತುಳಿತ ಬಿಗಿಯಾಗುತ್ತಿತ್ತು, ದುಃಖದ ಪದ ಬಂದಾಗ ಸಡಿಲವಾಗುತ್ತಿತ್ತು. ಹಾಡಿನ ಉಸಿರು ಆ ಕಾಲಿನಲ್ಲಿತ್ತು.

ವಿದ್ಯುತ್ ಕೀಬೋರ್ಡಿಗೆ ಗಾಳಿ ಬೇಡ. ಹಾಗಾಗಿ ಎರಡು ಕೈ, ಎರಡು ಕಾಲು ಎಲ್ಲಕ್ಕೂ ಬಿಡುವು. ಬಿಡುವಾದ ಕಾಲಿಗೆ ಹೊಸ ಉದ್ಯೋಗ ಸಿಕ್ಕಿದ್ದು ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಂತ್ರದ ಮಾತೆಂದು ಪುಟ ಮಗುಚಬೇಡಿ, ಕುಕ್ಕರಿನ ಸೀಟಿಗಿಂತ ಕಷ್ಟದ ವಿಷಯ ಇದಲ್ಲ.

ಬೇರೆ ಬೇರೆ ಕಂಪನಿಗಳ ವಿದ್ಯುತ್ ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಮಿಡಿ ಎಂಬ ಭಾಷೆ 1983ರಲ್ಲಿ ಬಳಕೆಗೆ ಬಂತು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಇದಕ್ಕೆ ಮುಖ್ಯ ಕಾರಣರು. ಅದಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಿಕ್ಕಿತು. ಈ ಭಾಷೆಯಲ್ಲಿ ಶಬ್ದ ಹರಿಯುವುದಿಲ್ಲ, ಸಂಖ್ಯೆಗಳು ಹರಿಯುತ್ತವೆ. ಯಾವ ಕೀಲಿ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು ಎಂಬುದೆಲ್ಲ ಸಂಖ್ಯೆ. ಕಾಲಿನ ಪೆಡಲು ಒತ್ತಿದರೆ ಅದೂ ಒಂದು ಸಂಖ್ಯೆ. ಮೊದಲು ಧ್ವನಿ ಬದಲಾಯಿಸಲು ಕೀಬೋರ್ಡಿನ ಮೇಲಿನ ಗುಂಡಿಗಳನ್ನು ಬೆರಳಿನಿಂದಲೇ ಒತ್ತಬೇಕಿತ್ತು. ಈಗ ಲ್ಯಾಪ್‌ಟಾಪಿನಲ್ಲಿ ವೇದಿಕೆಗೆಂದೇ ಮಾಡಿದ ತಂತ್ರಾಂಶಗಳಿವೆ. ಆಪಲ್ ಕಂಪನಿ 2007ರಲ್ಲಿ ತಂದ ಮೇನ್‌ಸ್ಟೇಜ್ ಅಂಥದ್ದೊಂದು. ಸಂಜೆಯ ಹಾಡುಗಳನ್ನೂ ಪ್ರತಿ ಹಾಡಿನಲ್ಲಿ ಬೇಕಾಗುವ ಧ್ವನಿಗಳನ್ನೂ ಅದರಲ್ಲಿ ಮೊದಲೇ ಸಾಲಾಗಿ ಜೋಡಿಸಿಡಬಹುದು. ಪಲ್ಲವಿಗೆ ಒಂದು, ನಡುವಿನ ವಾದ್ಯಭಾಗಕ್ಕೆ ಇನ್ನೊಂದು, ಚರಣಕ್ಕೆ ಮತ್ತೊಂದು. ಕಾಲಿನ ಸ್ವಿಚ್ಚಿಗೆ 'ಮುಂದಿನದು' ಎಂಬ ಒಂದೇ ಕೆಲಸ ಒಪ್ಪಿಸಿಟ್ಟರೆ ಸಾಕು, ಪ್ರತಿ ಒತ್ತಿಗೂ ಪಟ್ಟಿ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹಿಡಿದ ಕೀಲಿಯನ್ನು ಬೆರಳು ಬಿಡುವ ತನಕ ಹಳೆಯ ಧ್ವನಿ ನಿಂತೇ ಇರುತ್ತದೆ, ಹೊಸದಾಗಿ ಒತ್ತಿದ ಕೀಲಿ ಮಾತ್ರ ಹೊಸ ಧ್ವನಿಯಲ್ಲಿ ನುಡಿಯುತ್ತದೆ. ಹೀಗಾಗಿ ಕಿವಿಗೆ ಬಿರುಕು ಕಾಣುವುದಿಲ್ಲ.

ಒಂದು ಕಾರ್ಯಕ್ರಮದ ಮೊದಲು ಇದನ್ನೆಲ್ಲ ನನಗೆ ತೋರಿಸಿದವಳು ತಂಡದ ಕೀಬೋರ್ಡಿನ ಹುಡುಗಿ. ಇಪ್ಪತ್ತೈದರ ಆಸುಪಾಸು. ರೇಷ್ಮೆ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಕಟ್ಟಿದ್ದಳು. ಏಕೆಂದು ಕೇಳಿದರೆ, ನೆರಿಗೆ ಪೆಡಲಿನ ಮೇಲೆ ಬಿದ್ದರೆ ಕಾಲಿಗೆ ಜಾಗ ಗೊತ್ತಾಗುವುದಿಲ್ಲ ಎಂದಳು. ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲೇ ಒತ್ತುತ್ತಾಳಂತೆ. ಕಾಲು ಹೆಬ್ಬೆರಳಿಗೆ ಸ್ವಿಚ್ಚು 'ಕಟ್' ಎಂದದ್ದು ತಿಳಿಯಬೇಕಂತೆ. ಎಲ್ಲ ಸ್ವಿಚ್ಚುಗಳೂ ಒಂದೇ ಅಲ್ಲವೆಂದೂ ಹೇಳಿದಳು. ಕೆಲವು ಒತ್ತಿದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತವೆ, ಕೆಲವು ನಮ್ಮ ಮನೆಯ ಗೋಡೆಯ ಸ್ವಿಚ್ಚಿನಂತೆ ಒಮ್ಮೆ ಒತ್ತಿದರೆ ನಿಲ್ಲುತ್ತವೆ, ಇನ್ನೊಮ್ಮೆ ಒತ್ತಿದರೆ ಆರುತ್ತವೆ. ಎರಡನೆಯ ಜಾತಿಯದನ್ನು ಜೋಡಿಸಿದರೆ ಎರಡು ಸಲ ಒತ್ತಿದಾಗ ಒಮ್ಮೆ ಮಾತ್ರ ಧ್ವನಿ ಬದಲಾಗುವ ಪೇಚಾಟ. ಇನ್ನು, ಬಹಳ ಕೀಬೋರ್ಡುಗಳು ಶುರುವಾಗುವ ಗಳಿಗೆಯಲ್ಲಿ ಪೆಡಲು ಯಾವ ಸ್ಥಿತಿಯಲ್ಲಿದೆಯೋ ಅದನ್ನೇ 'ಒತ್ತಿಲ್ಲ' ಎಂದು ತಿಳಿದುಕೊಳ್ಳುತ್ತವೆ. ಕಾಲು ಮೇಲಿಟ್ಟುಕೊಂಡೇ ಚಾಲೂ ಮಾಡಿದರೆ ಇಡೀ ಸಂಜೆ ಎಲ್ಲ ತಿರುಗುಮುರುಗು. ಎಲ್ಲಕ್ಕಿಂತ ದೊಡ್ಡ ಭಯ ಒಂದು ಒತ್ತು ಹೆಚ್ಚಾಗುವುದು. ಆಗ ಮುಂದಿನ ಪ್ರತಿಯೊಂದು ಧ್ವನಿಯೂ ಒಂದೊಂದು ಮನೆ ಮುಂದಾಗಿಬಿಡುತ್ತದೆ. ಅದಕ್ಕೇ 'ಹಿಂದಿನದು' ಎಂಬ ಎರಡನೆಯ ಸ್ವಿಚ್ಚನ್ನು ಎಡಗಾಲಿಗೆ ಇಟ್ಟುಕೊಂಡಿದ್ದಳು.

ಕೈಯಿಂದ ಗುಂಡಿ ಒತ್ತಿದರಾಗದೆ ಎಂದು ಕೇಳಿದೆ. ಅವಳು ಕೊಟ್ಟ ಉತ್ತರದಲ್ಲಿ ನನಗೆ ಈ ಸ್ವಿಚ್ಚಿನ ನಿಜವಾದ ಸಮರ್ಥನೆ ಸಿಕ್ಕಿತು. ಕೀಬೋರ್ಡಿನಲ್ಲಿ ಒಂದು ಸಪ್ತಕಕ್ಕೆ ಹನ್ನೆರಡೇ ಮನೆ. ನಮ್ಮ ಹಾಡಿನ ಜೀವವಾದ ಗಮಕ, ಜಾರು ಇರುವುದು ಆ ಮನೆಗಳ ನಡುವಿನ ಓಣಿಯಲ್ಲಿ. ಇದೇ ಕೊರತೆಯನ್ನು ಮುಂದೊಡ್ಡಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. 1971ರ ತನಕ ಆ ಬಾಗಿಲು ತೆರೆಯಲಿಲ್ಲ. ಕೀಬೋರ್ಡಿನಲ್ಲಿ ಮಾತ್ರ ಎಡಗಡೆ ಒಂದು ಚಕ್ರವಿರುತ್ತದೆ. ಅದನ್ನು ತಿರುಗಿಸಿದರೆ ಸ್ವರ ಬಾಗುತ್ತದೆ. ಬಲಗೈ ಸ್ವರ ನುಡಿಸಬೇಕು, ಎಡಗೈ ಅದನ್ನು ಬಾಗಿಸಬೇಕು. ಹಾಗಾದರೆ ಧ್ವನಿ ಬದಲಾಯಿಸಲು ಉಳಿದದ್ದು ಯಾವುದು? ಕಾಲೇ. ಎಡಗೈ ಗುಂಡಿಯ ಕಡೆ ಓಡಿದರೆ ಆ ಕ್ಷಣಕ್ಕೆ ಗಮಕ ಸಾಯುತ್ತದೆ. ಗಮಕ ಉಳಿಸಲು ಕಾಲನ್ನು ಕರೆದದ್ದಾದರೆ ನಾನು ಆ ಕಾಲಿಗೆ ನಮಸ್ಕಾರ ಹೇಳುತ್ತೇನೆ. ವಾದ್ಯಕ್ಕೆ ಕಾಲು ತಾಗಿಸಬಹುದೇ ಎಂದು ಹುಬ್ಬೇರಿಸುವವರಿಗೆ ಕಂಪನಿ ಮಾಸ್ತರರನ್ನು ನೆನಪಿಸಿದರೆ ಸಾಕು.

ಆದರೆ ಕಾರ್ಯಕ್ರಮ ಶುರುವಾದ ಮೇಲೆ ನಾನು ಕೇಳಿದ್ದೇ ಬೇರೆ. ಒಂದು ಜೋಗುಳದ ಹಾಡು. ಐದು ನಿಮಿಷವೂ ಇಲ್ಲ. ಅದರಲ್ಲಿ ಧ್ವನಿ ಒಂಬತ್ತು ಸಲ ಬದಲಾಯಿತು. ಪಲ್ಲವಿಗೆ ಪಿಯಾನೊ, ಎರಡನೆಯ ಸಲಕ್ಕೆ ಗಂಟೆ, ನಡುವೆ ಕೊಳಲು, ಅದರ ಉತ್ತರವಾಗಿ ಸಿತಾರು, ಚರಣಕ್ಕೆ ನೂರು ಪಿಟೀಲಿನ ಮೇಳ. ಒಂದು ಬದಲಾವಣೆಯಲ್ಲೂ ತಪ್ಪಿಲ್ಲ, ಹುಡುಗಿಯ ಕಾಲು ಗಡಿಯಾರದಂತೆ ನಡೆಯಿತು. ಪ್ರತಿ ಬದಲಾವಣೆಗೂ ಸಭೆಯಲ್ಲಿ ಹಾ ಎಂಬ ಉದ್ಗಾರ. ತೊಟ್ಟಿಲಿನಲ್ಲಿದ್ದ ಮಗು ಮಾತ್ರ ಮಲಗಿರಲಾರದು. ಜೋಗುಳ ಮಗುವನ್ನು ಮಲಗಿಸುವುದು ಒಂದೇ ದನಿ, ಒಂದೇ ತೂಗು ಮರಳಿ ಮರಳಿ ಬರುವುದರಿಂದ. ಇಲ್ಲಿ ಗಾಯಕಿ ತೂಗುತ್ತಿದ್ದಳು, ವಾದ್ಯ ಎಬ್ಬಿಸುತ್ತಿತ್ತು. ಕವಿತೆಯಲ್ಲಿ ಏನೂ ಬದಲಾಗದ ಕಡೆ ಧ್ವನಿ ಏಕೆ ಬದಲಾಗಬೇಕು? ಬದಲಾಯಿಸುವುದು ಸುಲಭವಾಯಿತು ಎಂಬುದೊಂದೇ ಕಾರಣ. ಕೈಯಿಂದ ಗುಂಡಿ ಒತ್ತಬೇಕಾಗಿದ್ದರೆ ಹಾಡಿಗೆ ಎರಡು ಬದಲಾವಣೆ ಸಾಕೆನಿಸುತ್ತಿತ್ತು. ಆ ಕಷ್ಟವೇ ಒಂದು ಬಗೆಯ ವಿವೇಕವಾಗಿತ್ತು.

ಇನ್ನೊಂದು ಮಾತು ಆ ಕೊಳಲಿನದು. ಮಿಡಿಯವರು 1991ರಲ್ಲಿ ಎಲ್ಲ ಕೀಬೋರ್ಡುಗಳಿಗೂ ಸಾಮಾನ್ಯವಾದ 128 ಧ್ವನಿಗಳ ಪಟ್ಟಿ ಮಾಡಿದರು. ಅದರಲ್ಲಿ ನಮ್ಮ ದೇಶದ ವಾದ್ಯವೆನ್ನಬಹುದಾದವು ಎರಡೇ, 105ನೆಯ ಸಿತಾರು ಮತ್ತು 112ನೆಯ ಶಹನಾಯಿ. ವೀಣೆ ಇಲ್ಲ. 74ನೆಯದು ಕೊಳಲು ನಿಜ, ಆದರೆ ಪಾಶ್ಚಾತ್ಯ ವಾದ್ಯವೃಂದದ ಲೋಹದ ಕೊಳಲು, ನಮ್ಮ ಬಿದಿರಿನದಲ್ಲ. ಈಗಿನ ತಂತ್ರಾಂಶಗಳಿಗೆ ವೀಣೆ, ಬಾನ್ಸುರಿಗಳ ಧ್ವನಿಮುದ್ರಿತ ಸ್ವರಗಳೂ ಸಿಗುತ್ತವೆ, ಬಹಳ ಸೊಗಸಾಗಿಯೂ ಇವೆ. ನಮ್ಮೂರಿನಲ್ಲಿ ಕೊಳಲು ನುಡಿಸುವ ಹಿರಿಯರೊಬ್ಬರು ಅಂದು ಸಭೆಯಲ್ಲಿ ನನ್ನ ಹಿಂದಿನ ಸಾಲಿನಲ್ಲಿದ್ದರು. ಹತ್ತು ವರ್ಷದ ಹಿಂದೆ ಇಂಥ ವೇದಿಕೆಯ ಮೇಲೆ ಇರುತ್ತಿದ್ದವರು. ಹೇಗಿತ್ತು ಎಂದು ಕೇಳಿದೆ. ಸ್ವರವೆಲ್ಲ ಸರಿಯಾಗಿತ್ತು, ಉಸಿರು ಎಲ್ಲಿ ತೆಗೆದುಕೊಂಡರೆಂದು ಮಾತ್ರ ತಿಳಿಯಲಿಲ್ಲ ಅಂದರು. ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಆಮೇಲೆ ಯೋಚಿಸಿದರೆ, ನಾನು ಒಂದು ಪುಟದಲ್ಲಿ ಹೇಳಬೇಕಾದ ವಿಮರ್ಶೆಯನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದ್ದರು. ಕೊಳಲಿನ ಸಾಲು ಕೊಳಲಾಗುವುದು ಅದರ ಧ್ವನಿಯಿಂದ ಮಾತ್ರವಲ್ಲ, ಉಸಿರು ಮುಗಿದಲ್ಲಿ ಸಾಲು ಮುಗಿಯಲೇಬೇಕು ಎಂಬ ಕಟ್ಟಿನಿಂದ. ಕಾಲು ಕೊಳಲಿನ ಧ್ವನಿಯನ್ನು ತಂದುಕೊಡಬಲ್ಲದು, ಆ ಕಟ್ಟನ್ನು ನುಡಿಸುವವಳ ಮನಸ್ಸೇ ತರಬೇಕು.

ಅವರಿಗೆ ಕರೆ ಬಾರದಿರುವುದಕ್ಕೆ ಸ್ವಿಚ್ಚನ್ನೇ ಬೈದು ಫಲವಿಲ್ಲ. ಉತ್ಸವ ಸಮಿತಿಯ ಕೈಯಲ್ಲಿರುವ ಹಣದಲ್ಲಿ ಶಾಮಿಯಾನ, ಮೈಕು, ಊಟ ಕಳೆದು ಉಳಿದದ್ದರಲ್ಲಿ ಐದು ವಾದ್ಯದವರ ಸಂಭಾವನೆ ಹುಟ್ಟುವುದಿಲ್ಲ. ಕೀಬೋರ್ಡು ಇಲ್ಲದಿದ್ದರೆ ಎಷ್ಟೋ ಊರಿನಲ್ಲಿ ಹಾಡೇ ಇರುತ್ತಿರಲಿಲ್ಲ. ಇನ್ನೂ ಒಂದು ಸತ್ಯವಿದೆ. ಇಂಥ ತಂಡಗಳಲ್ಲಿ ಹೆಂಗಸರು ಹಾಡುವುದು ಸಾಮಾನ್ಯ, ವಾದ್ಯದ ಹಿಂದೆ ಕುಳಿತ ಹೆಂಗಸರನ್ನು ನಾನು ನೋಡಿದ್ದು ಕಡಿಮೆ. ನೆರಿಗೆ ಎತ್ತಿ ಕಟ್ಟಿದ ಆ ಹುಡುಗಿ ಇಡೀ ಮೇಳವನ್ನು ತಾನೊಬ್ಬಳೇ ಹೊತ್ತು ಕುಳಿತದ್ದು ನನಗೆ ಹೆಮ್ಮೆಯ ವಿಷಯವೇ. ಅವಳಿಗೆ ಸಿಕ್ಕ ಜಾಗ, ಹಿರಿಯರಿಗೆ ತಪ್ಪಿದ ಜಾಗ ಎರಡೂ ಒಂದೇ ಸ್ವಿಚ್ಚಿನಿಂದ ಆದದ್ದು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ವಿಮರ್ಶೆ ಆಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನುಡಿಸುವವರಿಗೆ ನನ್ನದೊಂದು ಸಲಹೆ ಇದೆ. ಧ್ವನಿ ಬದಲಾಯಿಸುವ ಸ್ವಿಚ್ಚಿನ ಪಕ್ಕದಲ್ಲಿ ಎಕ್ಸ್‌ಪ್ರೆಶನ್ ಪೆಡಲು ಎಂಬ ಇನ್ನೊಂದನ್ನು ಇಡಬಹುದು. ಅದು ಧ್ವನಿಯನ್ನು ಬದಲಾಯಿಸುವುದಿಲ್ಲ, ಕಾಲು ಬಾಗಿದಷ್ಟೂ ನಾದವನ್ನು ಮೆಲ್ಲಗೆ ಏರಿಸುತ್ತದೆ, ಇಳಿಸುತ್ತದೆ. ಕಂಪನಿ ಮಾಸ್ತರರ ತುಳಿತಕ್ಕೆ ನಿಜವಾದ ವಾರಸುದಾರ ಇದೇ. ಅಂದು ಆ ಮೇಜಿನ ಕೆಳಗೆ ನನಗೆ ಕಂಡದ್ದು ಎರಡು ಸ್ವಿಚ್ಚುಗಳು ಮಾತ್ರ. ಒಂಬತ್ತು ಧ್ವನಿಯ ಬದಲು ಒಂದೇ ಧ್ವನಿಯನ್ನು ಒಂಬತ್ತು ಬಗೆಯಲ್ಲಿ ಏರಿಳಿಸಿದ್ದರೆ ಆ ಜೋಗುಳ ತೂಗುತ್ತಿತ್ತು. ಸಮಿತಿಯವರಿಗೂ ಒಂದು ಮಾತು. ಇಡೀ ಕಾರ್ಯಕ್ರಮಕ್ಕೆ ಬೇಡ, ಎರಡು ಹಾಡಿಗಾದರೂ ಊರಿನ ಕೊಳಲಿನವರನ್ನು ಕರೆದು ಕೂರಿಸಿ. ಹುಡುಗಿ ಅವರ ಪಕ್ಕದಲ್ಲಿ ಕುಳಿತು ಉಸಿರಿನ ಲೆಕ್ಕ ಕಲಿಯಲಿ.

ಕೊನೆಗೆ, ಕೇಳುವ ನಮಗೆ. ಧ್ವನಿ ಬದಲಾದಾಗಲೆಲ್ಲ ಚಪ್ಪಾಳೆ ತಟ್ಟಿದವರು ನಾವೇ ಅಲ್ಲವೆ? ಬಾಣಬಿರುಸು ನೋಡಿದಂತೆ ಹಾಡು ಕೇಳಿದರೆ ನುಡಿಸುವವರು ಬಾಣಬಿರುಸನ್ನೇ ಕೊಡುತ್ತಾರೆ. ಮುಂದಿನ ಸಲ ಸುಗಮ ಸಂಗೀತಕ್ಕೆ ಹೋದಾಗ ಗಾಯಕಿಯ ಸೀರೆಯ ಬಣ್ಣ ನೋಡಿ ಮುಗಿದ ಮೇಲೆ ಕೀಬೋರ್ಡಿನವರ ಕಾಲಿನ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಅದು ಒತ್ತಿದಾಗ ಕವಿತೆಯಲ್ಲಿ ಏನಾದರೂ ತಿರುವಿತ್ತೇ ಎಂದು ಕೇಳಿಕೊಳ್ಳಿ. ಇದ್ದರೆ ಚಪ್ಪಾಳೆ ತಟ್ಟಿ. ಇಲ್ಲದಿದ್ದರೆ ಕೈ ಕಟ್ಟಿ ಕುಳಿತಿರಿ. ನಮ್ಮ ಕೈ ಸುಮ್ಮನಿದ್ದರೆ ಅವರ ಕಾಲಿಗೂ ತಿಳಿಯುತ್ತದೆ.