ಉಳಿದ ಯೀಸ್ಟಿನ ಯೋಗ್ಯತೆ

1963ರಲ್ಲಿ ಪರವಾನಗಿಯ ಬಂಧನ ಕಳಚಿದ ಬ್ರಿಟನ್ನಿನಲ್ಲಿಯೂ, 1978ರ ಶಾಸನದಿಂದ ಒಕ್ಕೂಟ ಸರ್ಕಾರದ ಸಮ್ಮತಿ ದೊರೆತ ಅಮೆರಿಕದಲ್ಲಿಯೂ ಮನೆಯಲ್ಲಿಯೇ ಬಿಯರು ತಯಾರಿಸುವವರು, ಹುದುಗು ಮುಗಿದ ಪಾತ್ರೆಯ ತಳದಲ್ಲಿ ನಿಂತ ಯೀಸ್ಟಿನ ಗಷ್ಟನ್ನು ಕಾದಿರಿಸಿ, ಅದನ್ನು ಅಲ್ಪ ಪ್ರಮಾಣದ ಮಾಲ್ಟುರಸದಲ್ಲಿ ಎಚ್ಚರಿಸಿ, ಮುಂದಿನ ಬಿಯರಿಗೆ ಎರೆಯುವ ಪದ್ಧತಿಯನ್ನು ಬಹುವಾಗಿ ಶ್ಲಾಘಿಸುತ್ತಾರೆ. ನಾಳಿನ ಹೆಪ್ಪಿಗೆಂದು ಒಂದು ಚಮಚ ಮೊಸರನ್ನು ತೆಗೆದಿಡುವ ನಮ್ಮ ಗೃಹಿಣಿಯರಿಗೆ ಇದರ ತರ್ಕವನ್ನು ಯಾರೂ ಬೋಧಿಸಬೇಕಾಗಿಲ್ಲ.

ವಿಧಾನವೇನೋ ಸರಳವಾದುದು. ಒಂದು ಲೀಟರು ರಸಕ್ಕೆ ಸುಮಾರು 100 ಗ್ರಾಂ ಒಣ ಮಾಲ್ಟುಸಾರದಂತೆ ಕುದಿಸಿ, 20 ಡಿಗ್ರಿ ಸೆಲ್ಸಿಯಸಿನ ಆಸುಪಾಸಿಗೆ ಆರಿಸಿ, ಗಷ್ಟನ್ನು ಬೆರೆಸಿ, ಆಗಾಗ ಕಲಕುತ್ತಿರಬೇಕು. ಈ ಕಲಕುವಿಕೆ ವ್ಯರ್ಥಶ್ರಮವಲ್ಲ. ಹೊಸ ಕೋಶಗಳ ಪೊರೆಗೆ ಬೇಕಾದ ಸ್ಟೆರಾಲುಗಳನ್ನು ರಚಿಸಿಕೊಳ್ಳಲು ಯೀಸ್ಟಿಗೆ ಆಮ್ಲಜನಕವು ಅತ್ಯಗತ್ಯ. ತಿಂಗಳುಗಟ್ಟಲೆ ಶೀತಪೆಟ್ಟಿಗೆಯಲ್ಲಿದ್ದು ಬಹುಭಾಗ ಮಡಿದುಹೋದ ಗಷ್ಟಿನಲ್ಲಿ ಜೀವವುಳಿದಿದೆಯೇ ಎಂಬುದನ್ನು, ಇಡೀ ಹಂಡೆಯ ರಸವನ್ನು ಪಣವೊಡ್ಡದೆಯೇ ಪರೀಕ್ಷಿಸಬಹುದೆಂಬುದು ಈ ಪದ್ಧತಿಯ ನಿಜವಾದ ಗುಣ. ಹಣದ ಉಳಿತಾಯವು ಅದರ ಮುಂದೆ ಗೌಣ.

ಆದರೆ ಹೀಗೆ ಯೀಸ್ಟನ್ನು ಎಚ್ಚರಿಸಿದ ರಸಕ್ಕೆ, ಎಂದರೆ ಸ್ಟಾರ್ಟರಿಗೆ, ಶುದ್ಧೀಕರಣದ ಮಹಿಮೆಯನ್ನೂ ಆರೋಪಿಸುವವರೊಡನೆ ನನಗೆ ಸಮ್ಮತಿಯಿಲ್ಲ. ಗಷ್ಟಿನೊಡನೆ ನುಸುಳಿದ ಬ್ಯಾಕ್ಟೀರಿಯಗಳೂ ಕಾಡುಯೀಸ್ಟುಗಳೂ ಅದೇ ರಸವನ್ನುಂಡು ಅದೇ ಬೆಚ್ಚನೆಯಲ್ಲಿ ವೃದ್ಧಿಸುವುವಲ್ಲವೆ? ಬಿಯರಿನ ವ್ಯಾಧಿಗಳನ್ನು ಕುರಿತು 1876ರಲ್ಲಿ ಗ್ರಂಥ ರಚಿಸಿದ ಪಾಶ್ಚರನು ಬ್ಯಾಕ್ಟೀರಿಯಗಳತ್ತ ಬೆರಳು ಮಾಡಿದ್ದನು. ಕಾಡುಯೀಸ್ಟುಗಳೂ ಅಪರಾಧಿಗಳೇ ಎಂದು ತೋರಿಸಿ, 1883ರಲ್ಲಿ ಏಕಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿ ಕೊಟ್ಟವನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸನ್. ಗಷ್ಟನ್ನು ಆಮ್ಲದಲ್ಲಿ ತೊಳೆದರೆ ಬ್ಯಾಕ್ಟೀರಿಯಗಳು ನಶಿಸಬಹುದು, ಕಾಡುಯೀಸ್ಟುಗಳು ಜಗ್ಗವು. ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯುವುದಂತೂ ಬಿಯರಿಗೆ ಹಾಕಿದ ಹಾಪ್ಸ್ ಹೂವಿನ ಚೂರುಗಳನ್ನೂ ಕೆಲವು ಮೃತಕೋಶಗಳನ್ನೂ ಬೇರ್ಪಡಿಸುವುದೇ ಹೊರತು ಶುದ್ಧಿಯ ಮಾತಿಗೆ ಬಾರದು. ತೊಳೆದ ಗಷ್ಟು ಕಣ್ಣಿಗೆ ಬೆಳ್ಳಗೆ ಕಾಣುವುದೆಂಬ ಸಮಾಧಾನಕ್ಕಾಗಿ ಅದನ್ನು ಸೀಸೆಯಿಂದ ಸೀಸೆಗೆ ಬದಲಾಯಿಸುತ್ತ, ಪ್ರತಿಯೊಂದು ಬದಲಾವಣೆಯಲ್ಲಿಯೂ ಸೋಂಕಿಗೆ ಹೊಸ ಬಾಗಿಲನ್ನು ತೆರೆಯುವುದು ವಿಚಿತ್ರವೇ ಸರಿ.

ವಾರದೊಳಗಿನ ತಾಜಾ ಗಷ್ಟಿಗೆ ಸ್ಟಾರ್ಟರಿನ ಉಪಚಾರವೇ ಅನಾವಶ್ಯಕ; ಅದನ್ನು ಅಳೆದು ನೇರವಾಗಿ ಎರೆಯಬಹುದು. ಬಹು ತೀಕ್ಷ್ಣವಾದ ಬಿಯರಿನಲ್ಲಿ ದುಡಿದು ಬಳಲಿದ ಯೀಸ್ಟನ್ನು ಕಾದಿರಿಸದಿರುವುದೇ ಲೇಸು. ಹಳೆಯದಾದರೂ ನಿರ್ದೋಷವಾದ ಗಷ್ಟಿಗೆ ಮಾತ್ರ ಈ ಪದ್ಧತಿ ನಿಜಕ್ಕೂ ಉಪಕಾರಿ. ಸ್ಟಾರ್ಟರು ಹುಳಿ ನಾರಿದರೆ, ಓದುಗರೇ, ಮರುಮಾತಿಲ್ಲದೆ ಅದನ್ನು ಮೋರಿಗೆ ಚೆಲ್ಲಿ, ಹೊಸ ಯೀಸ್ಟನ್ನು ಕೊಂಡುತನ್ನಿ.